ಸ್ಟೋರೇಜ್ ಬರುವ ಮೊದಲೇ ಸರ್ವೀಸ್ ಎದ್ದರೆ ಏನಾಗುತ್ತದೆ?

ಪ್ರಶ್ನೆ: ನಮ್ಮ ಲಿನಕ್ಸ್ ಸರ್ವರ್‌ನಲ್ಲಿ ಒಂದು ಡಾಕ್ಯುಮೆಂಟ್ ಅಪ್ಲಿಕೇಶನ್ ಓಡುತ್ತದೆ. ಅಪ್‌ಲೋಡ್ ಆಗುವ ಫೈಲ್‌ಗಳೆಲ್ಲ ಬೇರೊಂದು ಸ್ಟೋರೇಜ್ ಸರ್ವರ್‌ನ ಎನ್‌ಎಫ್‌ಎಸ್ ಶೇರ್‌ಗೆ (ನೆಟ್‌ವರ್ಕ್ ಮೂಲಕ ಹಂಚಿಕೊಂಡ ಫೋಲ್ಡರ್) ಹೋಗುತ್ತವೆ. ರೀಬೂಟ್ ಮಾಡಿದಾಗ ಕೆಲವು ಸಲ ಎಲ್ಲ ಸರಿ ಇರುತ್ತದೆ, ಕೆಲವು ಸಲ ಸರ್ವೀಸ್ ಏಳುವುದೇ ಇಲ್ಲ. ಲಾಗಿನ್ ಆಗಿ ಕೈಯಿಂದ ಸ್ಟಾರ್ಟ್ ಮಾಡಿದರೆ ಏಳುತ್ತದೆ. ಸರ್ವೀಸನ್ನು ಹೇಗೆ, ಯಾವಾಗ ಏಳಿಸಬೇಕು ಎಂದು ಸಿಸ್ಟಮ್‌ಡಿಗೆ (ಬೂಟ್‌ನಲ್ಲಿ ಸರ್ವೀಸ್‌ಗಳನ್ನು ಏಳಿಸುವ ಸಾಫ್ಟ್‌ವೇರ್) ಹೇಳುವ ಯೂನಿಟ್ ಫೈಲ್ ನಾನೇ ಬರೆದದ್ದು. ಅದರಲ್ಲಿ 'ಆಫ್ಟರ್' ಸಾಲಿಗೆ ನೆಟ್‌ವರ್ಕ್ ಟಾರ್ಗೆಟ್ (ಬೂಟ್‌ನ ಒಂದು ಹಂತ) ಹಾಕಿದ್ದೇನೆ, ಸಾಲದ್ದಕ್ಕೆ 30 ಸೆಕೆಂಡಿನ ಸ್ಲೀಪ್ ಕೂಡ ಇದೆ. ಕಳೆದ ವಾರ ಮತ್ತೆ ಸರ್ವೀಸ್ ಏಳಲಿಲ್ಲ. ಲಾಗ್‌ನಲ್ಲಿ 'ಅಪ್‌ಲೋಡ್ಸ್ ಫೋಲ್ಡರ್ ಇಲ್ಲ' ಎಂದು ಇತ್ತಂತೆ. ಸಹೋದ್ಯೋಗಿಯೊಬ್ಬರು ಆ ಫೋಲ್ಡರ್ ಕ್ರಿಯೇಟ್ ಮಾಡಿ ಸ್ಟಾರ್ಟ್ ಮಾಡಿದರು. ಸರ್ವೀಸ್ ಎದ್ದಿತು, ಆದರೆ ಹಳೆಯ ಫೈಲ್ ಒಂದೂ ಕಾಣಲಿಲ್ಲ. ಸಂಜೆ ಮತ್ತೆ ರೀಬೂಟ್ ಮಾಡಿದೆವು. ಹಳೆಯ ಫೈಲ್‌ಗಳೆಲ್ಲ ವಾಪಸ್ ಬಂದವು, ಆದರೆ ಆ ದಿನ ಹಾಕಿದ ಫೈಲ್‌ಗಳು ಮಾಯ! ಏನಾಗುತ್ತಿದೆ, ಸರಿ ಮಾಡುವುದು ಹೇಗೆ?

ಉತ್ತರ: ಮೊದಲು ಆ ಮಾಯವಾದ ಫೈಲ್‌ಗಳ ವಿಷಯ. ಗಾಬರಿ ಬೇಡ, ಅವು ಎಲ್ಲಿಗೂ ಹೋಗಿಲ್ಲ. ನಿಮ್ಮ ಸರ್ವರ್‌ನ ಸ್ವಂತ ಡಿಸ್ಕ್‌ನಲ್ಲೇ, ಮೌಂಟ್ ಆದ ಶೇರ್‌ನ ಅಡಿಯಲ್ಲಿ ಕೂತಿವೆ.

ಮೌಂಟ್ ಪಾಯಿಂಟ್ ಅಂದರೆ ಬೇರೇನೂ ಅಲ್ಲ, ಲೋಕಲ್ ಡಿಸ್ಕ್‌ನ ಒಂದು ಸಾಮಾನ್ಯ ಡೈರೆಕ್ಟರಿ. ಶೇರ್ ಮೌಂಟ್ ಆದಾಗ ಅದು ಈ ಡೈರೆಕ್ಟರಿಯ ಮೇಲೆ ಹಾಸಿಕೊಳ್ಳುತ್ತದೆ. ಆಗ ಕಾಣುವುದು ಶೇರ್‌ನ ಒಳಗಿನದು. ಮೌಂಟ್ ಆಗದಿದ್ದರೆ ಕಾಣುವುದು ಕೆಳಗಿನ ಖಾಲಿ ಡೈರೆಕ್ಟರಿ. ಪಾತ್ ಮಾತ್ರ ಎರಡು ಸಲವೂ ಅದೇ. ಆ ಬೆಳಿಗ್ಗೆ ಮೌಂಟ್ ಆಗಿರಲಿಲ್ಲ. ಅಪ್‌ಲೋಡ್ಸ್ ಫೋಲ್ಡರ್ ಇರುವುದು ಶೇರ್‌ನ ಒಳಗೆ ತಾನೇ, ಹಾಗಾಗಿ ಅಪ್ಲಿಕೇಶನ್‌ಗೆ ಅದು ಸಿಗಲಿಲ್ಲ. ಸರಿಯಾಗಿಯೇ ಕೈಕಟ್ಟಿ ನಿಂತಿತು. ನಿಮ್ಮ ಸಹೋದ್ಯೋಗಿ ಫೋಲ್ಡರ್ ಮಾಡಿದ್ದು ಲೋಕಲ್ ಡಿಸ್ಕ್‌ನಲ್ಲಿ. ದಿನವಿಡೀ ಫೈಲ್‌ಗಳು ಅಲ್ಲಿಗೇ ಬಿದ್ದವು. ಸಂಜೆ ರೀಬೂಟ್ ಆದಾಗ ಶೇರ್ ಅವುಗಳ ಮೇಲೆ ಹಾಸಿಕೊಂಡಿತು, ಅಷ್ಟೇ.

ಅವರನ್ನು ಬೈಯಬೇಡಿ, ಆ ಎರರ್ ನೋಡಿದರೆ ಯಾರಾದರೂ ಹಾಗೇ ಮಾಡುತ್ತಾರೆ. ಆದರೆ ಒಂದು ವಿಷಯ ಗಮನಿಸಿ. ಇಷ್ಟು ದಿನ ಸರ್ವೀಸ್ ಏಳದೆ ಇದ್ದದ್ದೇ ನಿಮಗೆ ಕಾವಲಾಗಿತ್ತು. ಆ ಫೋಲ್ಡರ್ ಈಗಲೂ ಅಡಿಯಲ್ಲಿ ಇದೆ. ಅಂದರೆ ಮುಂದಿನ ಸಲ ಮೌಂಟ್ ತಪ್ಪಿದರೆ ಸರ್ವೀಸ್ ಯಾವ ತಕರಾರೂ ಇಲ್ಲದೆ ಎದ್ದು, ಸುಮ್ನೆ ಲೋಕಲ್ ಡಿಸ್ಕ್‌ಗೆ ಬರೆಯುತ್ತಾ ಕೂರುತ್ತದೆ. ನಿಮಗೆ ಗೊತ್ತೂ ಆಗುವುದಿಲ್ಲ. ಹಾಗಾಗಿ ಕೆಳಗಿನ ಕೆಲಸವನ್ನು ಇವತ್ತೇ ಮಾಡಿ.

ಅಡಿಯಲ್ಲಿ ಏನಿದೆ ಎಂದು ನೋಡಲು ಶೇರನ್ನು ಅನ್‌ಮೌಂಟ್ ಮಾಡಬೇಕಿಲ್ಲ. ಎಲ್ಲಾದರೂ ಒಂದು ಖಾಲಿ ಡೈರೆಕ್ಟರಿ ಮಾಡಿಕೊಳ್ಳಿ. ಮೌಂಟ್ ಕಮಾಂಡ್‌ಗೆ 'ಬೈಂಡ್' ಆಯ್ಕೆ ಕೊಟ್ಟು ರೂಟ್ ಫೈಲ್‌ಸಿಸ್ಟಮನ್ನು ಆ ಡೈರೆಕ್ಟರಿಯ ಮೇಲೆ ಮೌಂಟ್ ಮಾಡಿ. 'ಆರ್‌ಬೈಂಡ್' ಕೊಡಬೇಡಿ, ಅದು ಒಳಗಿನ ಮೌಂಟ್‌ಗಳನ್ನೂ ಎಳೆದುಕೊಂಡು ಬರುತ್ತದೆ. ಬರೀ ಬೈಂಡ್ ಆದರೆ ಆ ಒಂದು ಫೈಲ್‌ಸಿಸ್ಟಮ್ ಮಾತ್ರ ಬರುತ್ತದೆ, ಮೇಲಿನ ಹಾಸು ಬರುವುದಿಲ್ಲ. ಈಗ ಈ ಹೊಸ ಡೈರೆಕ್ಟರಿಯ ಮೂಲಕ ಅದೇ ಪಾತ್‌ಗೆ ಇಳಿದು ನೋಡಿ. ಕಳೆದ ವಾರದ ಫೈಲ್‌ಗಳು ಇರುತ್ತವೆ. ಒಂದೇ ಹೆಸರಿನ ಫೈಲ್ ಎರಡೂ ಕಡೆ ಇದೆಯೇ ಎಂದು ಮೊದಲು ಪರೀಕ್ಷಿಸಿ, ಆಮೇಲೆ ಆರ್‌ಸಿಂಕ್ ಎಂಬ ಕಾಪಿ ಕಮಾಂಡ್‌ನಿಂದ ಶೇರ್‌ಗೆ ಸಾಗಿಸಿ. ಓನರ್ ಮತ್ತು ಪರ್ಮಿಷನ್ ಹಾಗೇ ಉಳಿಯಬೇಕು. ಎಲ್ಲ ಬಂದಿದೆ ಎಂದು ಖಾತ್ರಿಯಾದ ಮೇಲೆ ಅಡಿಯ ಅಪ್‌ಲೋಡ್ಸ್ ಫೋಲ್ಡರನ್ನು ತೆಗೆದುಬಿಡಿ.

ಇದು ಎಷ್ಟು ಸಲ ಆಗಿದೆ ಎಂಬ ಅನುಮಾನ ಇದ್ದರೆ ಜರ್ನಲ್‌ನಲ್ಲಿ (ಸಿಸ್ಟಮ್‌ಡಿಯ ಲಾಗ್) ಒಂದು ಸಾಲು ಹುಡುಕಿ. ಮೌಂಟ್ ಮಾಡುವ ಜಾಗ ಖಾಲಿ ಇಲ್ಲದಿದ್ದರೆ ಸಿಸ್ಟಮ್‌ಡಿ 'ಈಸ್ ನಾಟ್ ಎಂಪ್ಟಿ, ಮೌಂಟಿಂಗ್ ಎನಿವೇ' ಎಂದು ಬರೆದಿಡುತ್ತದೆ. ಎಚ್ಚರಿಕೆ ಕೊಡುತ್ತದೆ, ಆದರೆ ಕೆಲಸ ನಿಲ್ಲಿಸುವುದಿಲ್ಲ. ಯಾರೂ ಓದದ ಸಾಲು ಅದು. ನಾನೂ ಒಂದು ಕಾಲದಲ್ಲಿ ಓದಿರಲಿಲ್ಲ. ನಾನು ನೋಡಿಕೊಳ್ಳುತ್ತಿದ್ದ ಒಂದು ಬ್ಯಾಕಪ್ ಸರ್ವರ್‌ನ ರೂಟ್ ಡಿಸ್ಕ್ ಇದ್ದಕ್ಕಿದ್ದಂತೆ ತುಂಬಿತು. ಡಿಸ್ಕ್ ಎಷ್ಟು ತುಂಬಿದೆ ಎಂದು ಹೇಳುವ 'ಡಿಎಫ್' ನೋಡಿದರೆ ಭರ್ತಿ, ಕಾಣುವ ಫೈಲ್‌ಗಳ ಗಾತ್ರ ಕೂಡಿಸುವ 'ಡಿಯು' ನೋಡಿದರೆ ಅದರ ಕಾಲು ಭಾಗದ ಲೆಕ್ಕವೂ ಸಿಗುತ್ತಿಲ್ಲ. ಡಿಲೀಟ್ ಆಗಿಯೂ ಓಪನ್ ಉಳಿದ ಫೈಲ್ ಇರಬೇಕು ಎಂದುಕೊಂಡು ಅರ್ಧ ದಿನ ಅದರ ಹಿಂದೆ ಬಿದ್ದೆ. ಕೊನೆಗೆ ನೋಡಿದರೆ ಎಷ್ಟೋ ರಾತ್ರಿಗಳ ಬ್ಯಾಕಪ್ ಮೌಂಟ್‌ನ ಅಡಿಯಲ್ಲಿ ರಾಶಿ ಬಿದ್ದಿತ್ತು. ಮಧ್ಯೆ ಯಾರೋ ಕೈಯಿಂದ ಶೇರ್ ಮೌಂಟ್ ಮಾಡಿದ್ದರು, ಹಾಗಾಗಿ ಮೇಲೆ ಏನೂ ಕಾಣುತ್ತಿರಲಿಲ್ಲ. ಆವತ್ತಿನಿಂದ ಈ ಬೈಂಡ್ ಉಪಾಯ ನನ್ನ ಬೆರಳ ತುದಿಯಲ್ಲೇ ಇದೆ.

ಸರಿ, ಇನ್ನು ಮೌಂಟ್ ಯಾಕೆ ತಪ್ಪುತ್ತಿದೆ ಎಂದು ನೋಡೋಣ. ಒಂದು ಮಾತು: ಆಯ್ಕೆಗಳ ಹೆಸರನ್ನು ನಾನಿಲ್ಲಿ ಉಚ್ಚಾರಣೆಯಂತೆ ಬರೆಯುತ್ತಿದ್ದೇನೆ. ಫೈಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಬರೆಯಬೇಕು.

ಊಹೆ ಮಾಡುವ ಮೊದಲು ಗಡಿಯಾರ ನೋಡಿ. ಜರ್ನಲ್ ಓದುವ ಜರ್ನಲ್‌ಸಿಟಿಎಲ್ ಕಮಾಂಡ್‌ಗೆ ಔಟ್‌ಪುಟ್ ಶೈಲಿಯಾಗಿ 'ಶಾರ್ಟ್ ಮೊನೊಟಾನಿಕ್' ಕೊಟ್ಟರೆ ಬೂಟ್ ಶುರುವಾದಾಗಿನಿಂದ ಎಷ್ಟನೇ ಸೆಕೆಂಡ್ ಎಂದು ತೋರಿಸುತ್ತದೆ. ಕೆಟ್ಟ ಬೂಟ್ ಈಗಿನದಲ್ಲ, ಹಿಂದಿನದು ಅಂದರೆ 'ಬಿ' ಆಯ್ಕೆಗೆ ಮೈನಸ್ 1 ಕೊಡಿ. ನೋಡಬೇಕಾದ್ದು ನಾಲ್ಕೇ ಘಟನೆ: ನೆಟ್‌ವರ್ಕ್ ಕಾರ್ಡಿನ ಲಿಂಕ್ ಬಂದದ್ದು, ನೆಟ್‌ವರ್ಕ್ ಆನ್‌ಲೈನ್ ಟಾರ್ಗೆಟ್ ಮುಟ್ಟಿದ್ದು, ಮೌಂಟ್ ಶುರುವಾಗಿ ಮುಗಿದದ್ದು ಅಥವಾ ಸೋತದ್ದು, ನಿಮ್ಮ ಸರ್ವೀಸ್ ಶುರುವಾದದ್ದು. ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಲಿಂಕ್ 7ನೇ ಸೆಕೆಂಡ್, ಆನ್‌ಲೈನ್ 8ನೇ ಸೆಕೆಂಡ್, ಮೌಂಟ್ ಶುರುವಾದದ್ದೂ ಸೋತದ್ದೂ 8ನೇ ಸೆಕೆಂಡ್, ಸರ್ವೀಸ್ 39ನೇ ಸೆಕೆಂಡ್ ಅಂತ ಬಂದರೆ ಕಥೆ ಅರ್ಧ ಬಿಡಿಸಿದಂತೆ. ನಿಮ್ಮ ಸ್ಲೀಪ್ 30 ಸೆಕೆಂಡ್ ಕಾದಿದೆ ನಿಜ. ಆದರೆ ಯಾವುದಕ್ಕಾಗಿ ಕಾದಿದೆ? ಮೌಂಟ್ ಆಗಲೇ ಸೋತು ಕೈಬಿಟ್ಟಾಗಿದೆ. ಇನ್ನು 300 ಸೆಕೆಂಡ್ ಕಾದರೂ ಅಷ್ಟೇ.

ಮೌಂಟ್ ಸೋತ ಸಾಲಿನಲ್ಲಿ ಯಾವ ಮಾತು ಇದೆ ಎನ್ನುವುದೂ ಮುಖ್ಯ. 'ನೆಟ್‌ವರ್ಕ್ ಈಸ್ ಅನ್‌ರೀಚಬಲ್' ಎಂದಿದ್ದರೆ ಆ ಹೊತ್ತಿಗೆ ಪ್ಯಾಕೆಟ್ ಹೋಗಲು ದಾರಿಯೇ ಇರಲಿಲ್ಲ, ಅಂದರೆ ಐಪಿ ಇನ್ನೂ ಬಂದಿರಲಿಲ್ಲ. ಹೆಸರು ರಿಸಾಲ್ವ್ ಆಗಲಿಲ್ಲ ಎಂದಿದ್ದರೆ ಡಿಎನ್‌ಎಸ್ (ಹೆಸರನ್ನು ಐಪಿಗೆ ಬದಲಿಸುವ ವ್ಯವಸ್ಥೆ) ಕಡೆ ನೋಡಿ. 'ಟೈಮ್ಡ್ ಔಟ್' ಎಂದರೆ ಪ್ಯಾಕೆಟ್ ಹೋಗುತ್ತಿದೆ, ಉತ್ತರ ಬರುತ್ತಿಲ್ಲ. ಇಲ್ಲಿ ಸ್ವಿಚ್, ಫೈರ್‌ವಾಲ್ ಅಥವಾ ಇನ್ನೂ ಬೂಟ್ ಆಗುತ್ತಿರುವ ಸ್ಟೋರೇಜ್, ಮೂರರಲ್ಲೊಂದು. 'ಆಕ್ಸೆಸ್ ಡಿನೈಡ್' ಎಂದರೆ ಬೂಟ್‌ಗೂ ಅದಕ್ಕೂ ಸಂಬಂಧವೇ ಇಲ್ಲ. ಸ್ಟೋರೇಜ್ ಕಡೆಯ ಎಕ್ಸ್‌ಪೋರ್ಟ್ ಪಟ್ಟಿಯನ್ನು ಸರಿ ಮಾಡಿಸಬೇಕು.

ಈಗ ನಿಮ್ಮ 'ಆಫ್ಟರ್' ಸಾಲಿಗೆ ಬರೋಣ. ನೆಟ್‌ವರ್ಕ್ ಟಾರ್ಗೆಟ್ ಎಂಬ ಹೆಸರು ಬಹಳ ಜನರನ್ನು ದಾರಿ ತಪ್ಪಿಸಿದೆ. ಅದರ ಅರ್ಥ 'ನೆಟ್‌ವರ್ಕ್ ನಿಭಾಯಿಸುವ ಸಾಫ್ಟ್‌ವೇರ್ ಶುರುವಾಗಿದೆ' ಎಂದು ಮಾತ್ರ. ಐಪಿ ಬಂದಿದೆ ಎಂದಲ್ಲ. ಕೇಬಲ್ ಕಿತ್ತಿಟ್ಟರೂ ಆ ಟಾರ್ಗೆಟ್ ಮುಟ್ಟುತ್ತದೆ. ಐಪಿ ಬರುವವರೆಗೆ ಕಾಯುವುದು ನೆಟ್‌ವರ್ಕ್ ಆನ್‌ಲೈನ್ ಟಾರ್ಗೆಟ್. ಅದೂ ತಾನಾಗಿ ಕಾಯುವುದಿಲ್ಲ. ಅದರ ಹಿಂದೆ 'ವೇಟ್ ಆನ್‌ಲೈನ್' ಎಂಬ ಸರ್ವೀಸ್ ಇರುತ್ತದೆ. ನೆಟ್‌ವರ್ಕ್ ನಿಭಾಯಿಸುವುದು ನೆಟ್‌ವರ್ಕ್‌ಮ್ಯಾನೇಜರ್ ಆದರೆ ಒಂದು, ಸಿಸ್ಟಮ್‌ಡಿ ನೆಟ್‌ವರ್ಕ್‌ಡಿ ಆದರೆ ಇನ್ನೊಂದು. ಬೂಟ್ ನಿಧಾನ ಆಗುತ್ತದೆ ಅಂತ ಯಾರೋ ಅದನ್ನು ಡಿಸೇಬಲ್ ಮಾಡಿದ್ದರೆ ಆನ್‌ಲೈನ್ ಟಾರ್ಗೆಟ್ ಕಣ್ಣು ಮಿಟುಕಿಸುವಷ್ಟರಲ್ಲಿ ಮುಟ್ಟಿಬಿಡುತ್ತದೆ. ನಿಮ್ಮಲ್ಲಿ ಎನೇಬಲ್ ಆಗಿದೆಯಾ ನೋಡಿ. ಎರಡು ನೆಟ್‌ವರ್ಕ್ ಕಾರ್ಡ್ ಇದ್ದರೆ ಇನ್ನೊಂದು ಸಿಕ್ಕು ಬರುತ್ತದೆ. ನೆಟ್‌ವರ್ಕ್‌ಡಿ ತಾನು ನಿಭಾಯಿಸುವ ಎಲ್ಲ ಕಾರ್ಡ್‌ಗಳಿಗೂ ಕಾಯುತ್ತದೆ. ಕೇಬಲ್ಲೇ ಇಲ್ಲದ ಕಾರ್ಡಿಗೆ 120 ಸೆಕೆಂಡ್ ಕಾದು ಸೋಲುತ್ತದೆ. ಅಂಥ ಕಾರ್ಡಿಗೆ 'ರಿಕ್ವೈರ್ಡ್‌ಫಾರ್‌ಆನ್‌ಲೈನ್' ಎಂಬುದನ್ನು 'ನೋ' ಮಾಡಿ. 'ಯಾವುದಾದರೂ ಒಂದು ಬಂದರೆ ಸಾಕು' ಎನ್ನುವ 'ಎನಿ' ಆಯ್ಕೆ ಹಾಕಿದರೆ ಸ್ಟೋರೇಜ್ ಇಲ್ಲದ ಕಡೆಯ ಕಾರ್ಡ್ ಮೊದಲು ಎದ್ದು ಮೋಸ ಮಾಡಬಹುದು.

ಆದರೆ ನಿಜ ಹೇಳಬೇಕೆಂದರೆ, ನಿಮ್ಮ ಸರ್ವೀಸ್ ನೆಟ್‌ವರ್ಕ್‌ಗೆ ಕಾಯಬೇಕಾಗಿಯೇ ಇಲ್ಲ. ಅದಕ್ಕೆ ಬೇಕಾದ್ದು ಮೌಂಟ್. ಎಫ್‌ಎಸ್‌ಟ್ಯಾಬ್‌ನಲ್ಲಿ (ಏನನ್ನು ಎಲ್ಲಿ ಮೌಂಟ್ ಮಾಡಬೇಕು ಎಂಬ ಪಟ್ಟಿಯ ಫೈಲ್) ಎನ್‌ಎಫ್‌ಎಸ್ ಎಂದು ಬರೆದ ಪ್ರತಿ ಸಾಲಿಗೂ ಸಿಸ್ಟಮ್‌ಡಿ ಬೂಟ್ ಹೊತ್ತಿನಲ್ಲಿ ಒಂದು ಮೌಂಟ್ ಯೂನಿಟ್ ಮಾಡಿಕೊಳ್ಳುತ್ತದೆ, ಆ ಯೂನಿಟ್ಟನ್ನು ತಾನೇ ಆನ್‌ಲೈನ್ ಟಾರ್ಗೆಟ್‌ನ ನಂತರಕ್ಕೆ ಜೋಡಿಸುತ್ತದೆ. ನೆಟ್‌ವರ್ಕ್‌ಗೆ ಕಾಯುವ ಕೆಲಸ ಮೌಂಟ್‌ನದು. ಮೌಂಟ್‌ಗೆ ಕಾಯುವ ಕೆಲಸ ನಿಮ್ಮ ಸರ್ವೀಸ್‌ನದು. ನಿಮ್ಮ ಯೂನಿಟ್ ಫೈಲ್‌ನಲ್ಲಿ ಈ ಎರಡನೇ ಕೊಂಡಿಯೇ ಇಲ್ಲ.

ಆ ಕೊಂಡಿ ಹಾಕುವಾಗ ಒಂದು ಗೊಂದಲ ಎಲ್ಲರಿಗೂ ಆಗುತ್ತದೆ. 'ಆಫ್ಟರ್' ಹೇಳುವುದು ಸರದಿಯನ್ನು ಮಾತ್ರ: ಅವನ ಕೆಲಸ ಮುಗಿದ ಮೇಲೆ ನಾನು. ಮುಗಿದದ್ದು ಗೆದ್ದೋ ಸೋತೋ, ಅದಕ್ಕೆ ಬೇಕಿಲ್ಲ. ಮೌಂಟ್ ಸೋತರೂ 'ಸರಿ, ನನ್ನ ಸರದಿ ಬಂತು' ಎಂದು ಸರ್ವೀಸ್ ಏಳುತ್ತದೆ. 'ರಿಕ್ವೈರ್ಸ್' ಹೇಳುವುದು ಹಂಗನ್ನು ಮಾತ್ರ: ಅವನಿಲ್ಲದೆ ನಾನಿಲ್ಲ. ಆದರೆ ಅದಕ್ಕೆ ಸರದಿ ಗೊತ್ತಿಲ್ಲ. ಅದೊಂದನ್ನೇ ಬರೆದರೆ ಎರಡನ್ನೂ ಒಟ್ಟಿಗೇ ಶುರು ಮಾಡುತ್ತದೆ. ನಿಮಗೆ ಎರಡೂ ಬೇಕು. ಮೌಂಟ್ ಯೂನಿಟ್‌ನ ಹೆಸರು ಬರೆದು ಎರಡು ಸಾಲು ಹಾಕಬಹುದು. ಅದಕ್ಕಿಂತ ಒಂದೇ ಸಾಲು ಸಾಕು. ಯೂನಿಟ್ ವಿಭಾಗದಲ್ಲಿ 'ರಿಕ್ವೈರ್ಸ್‌ಮೌಂಟ್ಸ್‌ಫಾರ್' ಎಂದು ಬರೆದು ಡೇಟಾದ ಪೂರ್ತಿ ಪಾತ್ ಕೊಡಿ. ಆ ಪಾತ್ ಮುಟ್ಟಲು ಯಾವ್ಯಾವ ಮೌಂಟ್ ಬೇಕೋ ಅಷ್ಟನ್ನೂ ಅದೇ ಹುಡುಕಿ, ಸರದಿ ಮತ್ತು ಹಂಗು ಎರಡನ್ನೂ ಕಟ್ಟುತ್ತದೆ. ಎಫ್‌ಎಸ್‌ಟ್ಯಾಬ್‌ನಲ್ಲಿ 'ನೋಆಟೋ' (ಬೂಟ್‌ನಲ್ಲಿ ತಾನಾಗಿ ಮೌಂಟ್ ಮಾಡಬೇಡ) ಎಂದಿದ್ದರೂ ಎಳೆದು ತರುತ್ತದೆ. ನಾನು ಸಾಮಾನ್ಯವಾಗಿ ಇದನ್ನೇ ಬಳಸುವುದು. ಪ್ಯಾಕೇಜ್‌ನಿಂದ ಬಂದ ಸರ್ವೀಸ್ ಆದರೆ ಮೂಲ ಫೈಲ್ ಮುಟ್ಟದೆ 'ಸಿಸ್ಟಮ್‌ಸಿಟಿಎಲ್ ಎಡಿಟ್' ಕೊಟ್ಟು ಡ್ರಾಪ್‌ಇನ್ (ಮೂಲಕ್ಕೆ ಸೇರಿಕೊಳ್ಳುವ ಪುಟ್ಟ ಫೈಲ್) ಮಾಡಿ. ಇಲ್ಲದಿದ್ದರೆ ಮುಂದಿನ ಅಪ್‌ಡೇಟ್‌ನಲ್ಲಿ ನಿಮ್ಮ ಬದಲಾವಣೆ ಕೊಚ್ಚಿಹೋಗುತ್ತದೆ.

ಮೌಂಟ್ ಯೂನಿಟ್‌ನ ಹೆಸರು ಕೈಯಿಂದ ಬರೆಯಲೇಬೇಕಾದಾಗ ಒಂದು ಹುಷಾರು. ಪಾತ್‌ನ ಓರೆಗೆರೆಗಳು ಹೆಸರಿನಲ್ಲಿ ಹೈಫನ್ ಆಗುತ್ತವೆ. ಹಾಗಾಗಿ ಡೈರೆಕ್ಟರಿ ಹೆಸರಿನಲ್ಲೇ ಹೈಫನ್ ಇದ್ದರೆ ಅದು ಬ್ಯಾಕ್‌ಸ್ಲ್ಯಾಶ್ ಎಕ್ಸ್ 2ಡಿ ಎಂಬ ವೇಷ ಹಾಕುತ್ತದೆ. ತಪ್ಪು ಹೆಸರನ್ನು 'ಆಫ್ಟರ್' ಸಾಲಿನಲ್ಲಿ ಬರೆದರೆ ಸಿಸ್ಟಮ್‌ಡಿ ಗೊಣಗುವುದೂ ಇಲ್ಲ, ಸುಮ್ಮನೆ ಬಿಟ್ಟುಬಿಡುತ್ತದೆ. 'ಸಿಸ್ಟಮ್‌ಡಿ ಎಸ್ಕೇಪ್' ಎಂಬ ಕಮಾಂಡ್ ಇದಕ್ಕೇ ಇರುವುದು.

ಇಷ್ಟು ಮಾಡಿದರೆ ಮೌಂಟ್ ಇಲ್ಲದಾಗ ಸಿಸ್ಟಮ್‌ಡಿ ಸರ್ವೀಸನ್ನು ಏಳಿಸುವುದಿಲ್ಲ. ಆದರೂ ನಾನು ಇನ್ನೊಂದು ಬೀಗ ಹಾಕುತ್ತೇನೆ. ಯಾರಾದರೂ ಸರ್ವೀಸಿನ ಹಂಗಿಲ್ಲದೆ ಸ್ಕ್ರಿಪ್ಟ್ ಓಡಿಸಬಹುದು, ಹೊತ್ತಿಗೆ ಸರಿಯಾಗಿ ತಾನೇ ಓಡುವ ಕ್ರಾನ್ ಕೆಲಸ ಬರೆಯಬಹುದು, ಫೋಲ್ಡರ್ ಇಲ್ಲ ಎಂದು ಮತ್ತೆ ಫೋಲ್ಡರ್ ಮಾಡಬಹುದು. ಮೇಲೆ ಹೇಳಿದ ಬೈಂಡ್ ದಾರಿಯಲ್ಲೇ ಅಡಿಯ ಖಾಲಿ ಡೈರೆಕ್ಟರಿಗೆ ಹೋಗಿ 'ಸಿಎಚ್ಆಟ್ರ್' ಕಮಾಂಡ್‌ನಿಂದ 'ಪ್ಲಸ್ ಐ' ಗುಣ ಕೊಡಿ. ಆಮೇಲೆ ರೂಟ್ ಬಳಕೆದಾರನೂ ಅದರೊಳಗೆ ಏನನ್ನೂ ಮಾಡುವಂತಿಲ್ಲ. ಪರ್ಮಿಷನ್ ಸೊನ್ನೆ ಮಾಡಿದರೆ ಸಾಲದು, ರೂಟ್ ಅದನ್ನು ದಾಟಿ ಹೋಗುತ್ತದೆ. ಶೇರ್ ಮೌಂಟ್ ಆಗಲು ಈ ಬೀಗ ಅಡ್ಡ ಬರುವುದಿಲ್ಲ, ಮೌಂಟ್ ಆದ ಮೇಲೆ ಶೇರ್‌ನೊಳಗೆ ಬರೆಯಲೂ ತೊಂದರೆ ಇಲ್ಲ.

ಇನ್ನೊಂದು ಒಳ್ಳೆಯ ಅಭ್ಯಾಸ ನಿಮ್ಮಲ್ಲಿ ಆಗಲೇ ಇದೆ: ಅಪ್ಲಿಕೇಶನ್‌ಗೆ ಕೊಟ್ಟದ್ದು ಮೌಂಟ್ ಪಾಯಿಂಟ್ ಅಲ್ಲ, ಅದರೊಳಗಿನ ಅಪ್‌ಲೋಡ್ಸ್ ಫೋಲ್ಡರ್. ಮೌಂಟ್ ಇಲ್ಲದಿದ್ದರೆ ಆ ಪಾತ್ ಹುಟ್ಟುವುದೇ ಇಲ್ಲ. ಪೋಸ್ಟ್‌ಗ್ರೆಸ್‌ಕ್ಯುಎಲ್ ಡೇಟಾಬೇಸ್‌ನ ದಾಖಲೆಯೂ ಡೇಟಾ ಡೈರೆಕ್ಟರಿಯನ್ನು ಮೌಂಟ್ ಪಾಯಿಂಟ್‌ನಲ್ಲೇ ಇಡಬೇಡಿ, ಅದರೊಳಗೆ ಇನ್ನೊಂದು ಡೈರೆಕ್ಟರಿ ಮಾಡಿ ಎಂದೇ ಹೇಳುತ್ತದೆ. ಹಾಗೇ ಉಳಿಸಿಕೊಳ್ಳಿ. ಯೂನಿಟ್ ಫೈಲ್‌ನಲ್ಲಿ 'ಅಸರ್ಟ್‌ಪಾತ್‌ಈಸ್‌ಮೌಂಟ್‌ಪಾಯಿಂಟ್' (ಈ ಪಾತ್‌ನಲ್ಲಿ ಮೌಂಟ್ ಇಲ್ಲದಿದ್ದರೆ ಏಳಬೇಡ) ಹಾಕುವವರೂ ಇದ್ದಾರೆ, ತಪ್ಪಿಲ್ಲ. 'ಅಸರ್ಟ್' ಬದಲು 'ಕಂಡಿಷನ್' ರೂಪ ಹಾಕಿದರೆ ಸರ್ವೀಸ್ ಸೋತದ್ದಾಗಿ ತೋರದೆ ಸದ್ದಿಲ್ಲದೆ ಬಿಟ್ಟುಹೋಗುತ್ತದೆ, ಫೇಲ್ ಆದವುಗಳ ಪಟ್ಟಿಯಲ್ಲೂ ಸಿಗುವುದಿಲ್ಲ. ನನಗೆ ಅದು ಇಷ್ಟವಿಲ್ಲ. ಸೋತರೆ ಸೋತೆ ಎಂದು ಹೇಳಬೇಕು ಅಲ್ವಾ?

ಇಲ್ಲಿಗೆ ಅರ್ಧ ಕೆಲಸ ಮುಗಿಯಿತು. ಸರ್ವೀಸ್ ತಪ್ಪಾಗಿ ಏಳುವುದಿಲ್ಲ. ಆದರೆ ಸ್ಟೋರೇಜ್ ಹತ್ತು ನಿಮಿಷ ತಡವಾಗಿ ಬಂದರೆ? ಕರೆಂಟ್ ಹೋಗಿ ಬಂದಾಗ ಇದೇ ಆಗುವುದು. ಎಲ್ಲ ಯಂತ್ರಗಳೂ ಒಟ್ಟಿಗೆ ಏಳುತ್ತವೆ. ಪುಟ್ಟ ಅಪ್ಲಿಕೇಶನ್ ಸರ್ವರ್ ಒಂದು ನಿಮಿಷದಲ್ಲಿ ರೆಡಿ. ಡಿಸ್ಕ್‌ಗಳನ್ನೆಲ್ಲ ಪರೀಕ್ಷಿಸಿಕೊಂಡು ಏಳುವ ಸ್ಟೋರೇಜ್‌ಗೆ ಇನ್ನೂ ಜಾಸ್ತಿ ಹೊತ್ತು ಬೇಕು. ಅಷ್ಟರಲ್ಲಿ ಮೌಂಟ್ ಸೋತಿರುತ್ತದೆ. ಎನ್‌ಎಫ್‌ಎಸ್ ಮೌಂಟ್ ತಾನು 2 ನಿಮಿಷ ಪ್ರಯತ್ನಿಸಲು ಸಿದ್ಧ, ಆದರೆ ಸಿಸ್ಟಮ್‌ಡಿಯ ಡೀಫಾಲ್ಟ್ ಗಡುವು 90 ಸೆಕೆಂಡ್. ಅಷ್ಟಕ್ಕೇ ಅದನ್ನು ಕೊಂದುಹಾಕುತ್ತದೆ. ಜರ್ನಲ್‌ನಲ್ಲಿ ನಿಮ್ಮ ಸರ್ವೀಸಿನ ಹೆಸರಿನ ಹಿಂದೆ 'ಡಿಪೆಂಡೆನ್ಸಿ ಫೇಲ್ಡ್' ಎಂದು ಕಾಣುತ್ತದೆ. 'ರೀಸ್ಟಾರ್ಟ್ ಆಲ್ವೇಸ್ ಹಾಕಿದ್ದೇನಲ್ಲ, ತಾನೇ ಏಳಬೇಕಿತ್ತು' ಎಂದು ಜನ ಇಲ್ಲಿಯೇ ಮೋಸ ಹೋಗುವುದು. ಶುರುವಾಗಿ ಸತ್ತ ಸರ್ವೀಸಿಗೆ ಮಾತ್ರ 'ರೀಸ್ಟಾರ್ಟ್'. ಹಂಗು ತೀರದೆ ಶುರುವೇ ಆಗದ ಸರ್ವೀಸಿಗೆ ಅದು ಅನ್ವಯಿಸುವುದಿಲ್ಲ. ಮೌಂಟ್ ಯೂನಿಟ್‌ಗಂತೂ 'ರೀಸ್ಟಾರ್ಟ್' ಎಂಬ ಸಾಲೇ ಇಲ್ಲ.

ನಿಮ್ಮಂಥವರಿಗೆ ನಾನು ಹೇಳುವ ಜೋಡಣೆ ಇದು. ಎಫ್‌ಎಸ್‌ಟ್ಯಾಬ್‌ನ ಎನ್‌ಎಫ್‌ಎಸ್ ಸಾಲಿಗೆ 'ಬಿಜಿ' ಆಯ್ಕೆ ಸೇರಿಸಿ. ಹಿಂದಿನ ಕಾಲದಲ್ಲಿ ಇದರರ್ಥ ಮೌಂಟ್ ಹಿನ್ನೆಲೆಗೆ ಹೋಗಿ ಪ್ರಯತ್ನಿಸುತ್ತಿರಲಿ ಎಂದು. ಸಿಸ್ಟಮ್‌ಡಿ ಇದನ್ನು ಕಂಡರೆ ತನ್ನ ಭಾಷೆಗೆ ಬದಲಿಸಿಕೊಳ್ಳುತ್ತದೆ: ಮೌಂಟ್ ಗಡುವು ಅನಂತ, ಮರುಪ್ರಯತ್ನ 10,000 ನಿಮಿಷ, ಜೊತೆಗೆ 'ನೋಫೇಲ್' (ಈ ಮೌಂಟ್‌ಗಾಗಿ ಬೂಟ್ ನಿಲ್ಲದಿರಲಿ). 10,000 ನಿಮಿಷ ಅಂದರೆ ಸುಮಾರು ಒಂದು ವಾರ. ಸ್ಟೋರೇಜ್ ಬರುವವರೆಗೆ ಮೌಂಟ್ ಯೂನಿಟ್ 'ಆಕ್ಟಿವೇಟಿಂಗ್' ಸ್ಥಿತಿಯಲ್ಲೇ ಇರುತ್ತದೆ. ಅದರ ಹಂಗಿನಲ್ಲಿರುವ ನಿಮ್ಮ ಸರ್ವೀಸ್ ಸರದಿಯಲ್ಲಿ ಕಾಯುತ್ತದೆ. 'ಸಿಸ್ಟಮ್‌ಸಿಟಿಎಲ್ ಲಿಸ್ಟ್ ಜಾಬ್ಸ್' ಕೊಟ್ಟರೆ ಮೌಂಟ್ 'ರನ್ನಿಂಗ್', ಸರ್ವೀಸ್ 'ವೇಟಿಂಗ್' ಎಂದು ಕಾಣುತ್ತದೆ. ಶೇರ್ ಬಂದ ಕ್ಷಣ ಸರ್ವೀಸ್ ತಾನಾಗಿ ಏಳುತ್ತದೆ. ಆದರೆ ಆಕ್ಸೆಸ್ ಡಿನೈಡ್ ತರಹದ ಎರರ್‌ಗೆ ಇದು ಕಾಯುವುದಿಲ್ಲ, ತಕ್ಷಣ ಸೋಲುತ್ತದೆ. ಅದು ಸರಿಯೇ. ದಾರಿಯೇ ಇಲ್ಲ ಎಂಬ 'ನೆಟ್‌ವರ್ಕ್ ಈಸ್ ಅನ್‌ರೀಚಬಲ್' ಎರರ್‌ಗೂ ಹೆಚ್ಚಾಗಿ ತಕ್ಷಣ ಕೈಚೆಲ್ಲುತ್ತದೆ. ಮೇಲೆ ವೇಟ್ ಆನ್‌ಲೈನ್ ಬಗ್ಗೆ ಅಷ್ಟು ಕೊರೆದದ್ದು ಅದಕ್ಕೇ.

'ನೋಫೇಲ್' ಇರುವುದರಿಂದ ಇನ್ನೊಂದು ಉಪಕಾರ ಇದೆ. ಅದಿಲ್ಲದಿದ್ದರೆ ರಿಮೋಟ್ ಎಫ್‌ಎಸ್ ಟಾರ್ಗೆಟ್ (ನೆಟ್‌ವರ್ಕ್ ಮೌಂಟ್‌ಗಳ ಹಂತ) ಮೌಂಟ್‌ಗಾಗಿ ಕಾಯುತ್ತದೆ, ಸಾಮಾನ್ಯ ಬಳಕೆದಾರರ ಲಾಗಿನ್‌ಗೆ ಬಾಗಿಲು ತೆಗೆಯುವ ಸರ್ವೀಸ್ ಆ ಟಾರ್ಗೆಟ್‌ಗಾಗಿ ಕಾಯುತ್ತದೆ. ನೀವು ಎಸ್‌ಎಸ್‌ಎಚ್ (ದೂರದಿಂದ ಲಾಗಿನ್) ಮಾಡಿದರೆ 'ಸಿಸ್ಟಮ್ ಇನ್ನೂ ಬೂಟ್ ಆಗುತ್ತಿದೆ, ಈಗ ಒಳಗೆ ಬಿಡುವಂತಿಲ್ಲ' ಎಂಬರ್ಥದ ಮಾತು ಬಂದು ಕನೆಕ್ಷನ್ ಕಡಿಯುತ್ತದೆ. ಏನಾಗಿದೆ ಎಂದು ನೋಡಲು ಹೋದವನನ್ನೇ ಬಾಗಿಲಲ್ಲಿ ನಿಲ್ಲಿಸಿದಂತೆ.

ಒಂದು ಸಣ್ಣ ಸುಧಾರಣೆ. ನಿಮ್ಮ ಸರ್ವೀಸ್ ಮಲ್ಟಿಯೂಸರ್ ಟಾರ್ಗೆಟ್‌ಗೆ (ಸರ್ವರ್ ಬೂಟ್ ಮುಗಿಯುವ ಹಂತ) ಸೇರಿದ್ದರೆ, ಅದು ಕಾಯುವಷ್ಟು ಹೊತ್ತು ಆ ಟಾರ್ಗೆಟ್ ಕೂಡ ಮುಗಿಯದೆ ನೇತಾಡುತ್ತದೆ. ಇನ್‌ಸ್ಟಾಲ್ ವಿಭಾಗದ 'ವಾಂಟೆಡ್‌ಬೈ' ಸಾಲಿನಲ್ಲಿ ಮಲ್ಟಿಯೂಸರ್ ಬದಲು ಮೌಂಟ್ ಯೂನಿಟ್‌ನ ಹೆಸರನ್ನೇ ಬರೆದು 'ರೀಎನೇಬಲ್' ಮಾಡಿ. ಈಗ ಮೌಂಟೇ ಸರ್ವೀಸನ್ನು ಕರೆಯುತ್ತದೆ. ಒಂದು ವೇಳೆ ಮೌಂಟ್ ಸೋತುಹೋಗಿ ನೀವು ಮಧ್ಯಾಹ್ನ ಮೌಂಟ್ ಯೂನಿಟ್ಟನ್ನು ಸ್ಟಾರ್ಟ್ ಮಾಡಿದರೂ ಸರ್ವೀಸ್ ಅದರ ಹಿಂದೆಯೇ ಏಳುತ್ತದೆ.

'ಆಟೋಮೌಂಟ್ ಹಾಕಿದರೆ ಆಗುವುದಿಲ್ಲವಾ' ಎಂದು ನೀವು ಕೇಳಬಹುದು. ಆಗುತ್ತದೆ. ಎಫ್‌ಎಸ್‌ಟ್ಯಾಬ್‌ನಲ್ಲಿ 'ಎಕ್ಸ್ ಸಿಸ್ಟಮ್‌ಡಿ ಆಟೋಮೌಂಟ್' ಹಾಕಿದರೆ ಯಾರಾದರೂ ಆ ಪಾತ್ ಮುಟ್ಟಿದಾಗ ಮೌಂಟ್ ನಡೆಯುತ್ತದೆ. ಬೂಟ್‌ನ ಶುರುವಿನಿಂದಲೇ ಆ ಜಾಗವನ್ನು ಆಟೋಎಫ್‌ಎಸ್ ಎಂಬ ಕಾವಲು ಮೌಂಟ್ ಮುಚ್ಚಿಕೊಂಡಿರುವುದರಿಂದ ಲೋಕಲ್ ಡಿಸ್ಕ್‌ಗೆ ಬರೆಯುವ ಅಪಾಯವೂ ಕಡಿಮೆ. ಯಾವಾಗಲೋ ಒಮ್ಮೆ ಬಳಸುವ ಶೇರ್‌ಗೆ ನಾನೂ ಅದನ್ನೇ ಹಾಕುತ್ತೇನೆ. ಆದರೆ ಇಡೀ ಕೆಲಸವೇ ಶೇರ್ ಮೇಲೆ ನಿಂತಿರುವ ಸರ್ವೀಸಿಗೆ ಬೇಡ ಎನ್ನುತ್ತೇನೆ. ಮೊದಲ ಅಪ್‌ಲೋಡ್ ಬಂದಾಗ ಮೌಂಟ್‌ಗೆ ಕಾದು ಕಾದು ಎರರ್ ಕೊಡುವುದಕ್ಕಿಂತ ಸರ್ವೀಸ್ ಏಳದೇ ಇರುವುದು ವಾಸಿ. ಮೇಲಾಗಿ ಆಟೋಎಫ್‌ಎಸ್ ಕೂಡ ಒಂದು ಮೌಂಟೇ, ಹಾಗಾಗಿ 'ಇದು ಮೌಂಟ್ ಪಾಯಿಂಟಾ' ಎಂದು ಕೇಳುವ ಪರೀಕ್ಷೆಗಳು ಹೌದು ಎಂದುಬಿಡುತ್ತವೆ. ಮೌಂಟ್‌ಗಳನ್ನು ಪಟ್ಟಿ ಮಾಡುವ ಫೈಂಡ್‌ಎಂಎನ್‌ಟಿಯಲ್ಲಿ ಫೈಲ್‌ಸಿಸ್ಟಮ್ ಬಗೆ ನೋಡಿಯೇ ನಂಬಬೇಕು.

ಈಗ 'ಕೆಲವು ಸಲ ಸರಿ, ಕೆಲವು ಸಲ ಇಲ್ಲ' ಎಂಬ ನಿಮ್ಮ ಮಾತಿಗೆ. ಇಂಥ ಕಡೆ ನಾನು ಮೊದಲು ಅನುಮಾನಿಸುವುದು ಸ್ವಿಚ್ಚನ್ನು. ಸ್ವಿಚ್ ಪೋರ್ಟ್‌ನಲ್ಲಿ ಹಳೆಯ ಬಗೆಯ ಸ್ಪ್ಯಾನಿಂಗ್ ಟ್ರೀ (ಪ್ಯಾಕೆಟ್‌ಗಳು ಸುತ್ತು ಹೊಡೆಯದಂತೆ ತಡೆಯುವ ವ್ಯವಸ್ಥೆ) ಓಡುತ್ತಿದ್ದರೆ ಲಿಂಕ್ ಬಂದ ಮೇಲೂ ಪೋರ್ಟ್ 15 ಸೆಕೆಂಡ್ ಕೇಳಿಸಿಕೊಳ್ಳುತ್ತದೆ, ಇನ್ನೊಂದು 15 ಸೆಕೆಂಡ್ ಕಲಿಯುತ್ತದೆ. ಆ 30 ಸೆಕೆಂಡ್ ನಿಮ್ಮ ಪ್ಯಾಕೆಟ್ ಒಂದೂ ದಾಟುವುದಿಲ್ಲ. ಸರ್ವರ್‌ಗೆ ಸ್ಟ್ಯಾಟಿಕ್ ಐಪಿ ಇದ್ದರೆ ಅದು ಲಿಂಕ್ ಬಂದ ತಕ್ಷಣ 'ನಾನು ಆನ್‌ಲೈನ್' ಎನ್ನುತ್ತದೆ, ಹಾಗಾಗಿ ಎಲ್ಲ ಸರಿ ಇದ್ದಂತೆ ಕಾಣುತ್ತದೆ. ಸರ್ವರ್ ಪೋರ್ಟನ್ನು ಹೀಗೆ ಕಾಯದ ಎಡ್ಜ್ ಪೋರ್ಟ್ ಮಾಡಿಕೊಡಿ ಎಂದು ನೆಟ್‌ವರ್ಕ್‌ನವರಿಗೆ ಹೇಳಿ. ಸಿಸ್ಕೋ ಭಾಷೆಯಲ್ಲಿ ಪೋರ್ಟ್‌ಫಾಸ್ಟ್. ಎರಡನೆಯದು ಡಿಎನ್‌ಎಸ್. ಎಫ್‌ಎಸ್‌ಟ್ಯಾಬ್‌ನಲ್ಲಿ ಸ್ಟೋರೇಜ್‌ನ ಹೆಸರು ಬರೆದಿದ್ದರೆ ಆ ಒಂದು ಹೆಸರನ್ನು ಸರ್ವರ್‌ನದೇ ಹೋಸ್ಟ್ಸ್ ಫೈಲ್‌ಗೂ (ಹೆಸರು ಮತ್ತು ಐಪಿಯ ಪಟ್ಟಿ) ಹಾಕಿಬಿಡಿ. ಡಿಎನ್‌ಎಸ್ ಸರ್ವರ್ ವರ್ಚುವಲ್ ಮಷಿನ್ ಆಗಿದ್ದು, ಅದರ ಡಿಸ್ಕ್ ಇದೇ ಸ್ಟೋರೇಜ್‌ನಲ್ಲಿದ್ದರೆ ಕರೆಂಟ್ ಹೋಗಿ ಬಂದ ದಿನ ಯಾರು ಯಾರನ್ನು ಎಬ್ಬಿಸಬೇಕು ಹೇಳಿ!

ನಿಮ್ಮದು ಎನ್‌ಎಫ್‌ಎಸ್ ಆದ್ದರಿಂದ ಇದು ನಿಮಗಲ್ಲ, ಐಸ್ಕಸಿ (ನೆಟ್‌ವರ್ಕ್ ಮೂಲಕ ಬರುವ ಡಿಸ್ಕ್) ಬಳಸುವ ಓದುಗರಿಗೆ. ಅಲ್ಲಿ ಎಫ್‌ಎಸ್‌ಟ್ಯಾಬ್ ಸಾಲು ನೋಡಿದರೆ ಲೋಕಲ್ ಡಿಸ್ಕ್‌ಗೆ ಬರೆಯುವಂತೆಯೇ ಈಎಕ್ಸ್‌ಟಿ4 ಅಥವಾ ಎಕ್ಸ್‌ಎಫ್‌ಎಸ್ ಎಂಬ ಫೈಲ್‌ಸಿಸ್ಟಮ್ ಹೆಸರು ಅಷ್ಟೇ. ಡಿಸ್ಕ್ ನೆಟ್‌ವರ್ಕ್‌ನ ಆಚೆ ಇದೆ ಎಂದು ಸಿಸ್ಟಮ್‌ಡಿಗೆ ತಿಳಿಯುವುದು ಹೇಗೆ? 'ಅಂಡರ್‌ಸ್ಕೋರ್ ನೆಟ್‌ಡೆವ್' ಆಯ್ಕೆ ಬರೆಯಲೇಬೇಕು. ಮರೆತರೆ ಅದನ್ನು ಲೋಕಲ್ ಡಿಸ್ಕ್ ಎಂದುಕೊಂಡು ನೆಟ್‌ವರ್ಕ್‌ಗೂ ಮೊದಲೇ ಹುಡುಕಿ, 90 ಸೆಕೆಂಡ್ ಕಾದು, ಇಡೀ ಯಂತ್ರವನ್ನು ಎಮರ್ಜೆನ್ಸಿ ಮೋಡ್‌ಗೆ ಇಳಿಸುತ್ತದೆ.

ಅಪ್ಲಿಕೇಶನ್‌ಗಳನ್ನು ಕಂಟೇನರ್ ಎಂಬ ಪ್ರತ್ಯೇಕ ಪೆಟ್ಟಿಗೆಗಳಲ್ಲಿ ಓಡಿಸುವ ಡಾಕರ್ ಬಳಸುವವರಿಗೂ ಒಂದು ಮಾತು. ಬೂಟ್‌ನಲ್ಲಿ ಕಂಟೇನರ್‌ಗಳನ್ನು ಏಳಿಸುವುದು ಡಾಕರ್ ಸರ್ವೀಸ್, ಹಾಗಾಗಿ ಮೌಂಟ್‌ನ ಹಂಗನ್ನು ಅದಕ್ಕೇ ಹಾಕಬೇಕು. ಕಂಟೇನರ್ ಮೊದಲೇ ಎದ್ದು ಆಮೇಲೆ ಹೋಸ್ಟ್‌ನಲ್ಲಿ ಶೇರ್ ಮೌಂಟ್ ಆದರೆ, ಡೀಫಾಲ್ಟ್ ಸೆಟ್ಟಿಂಗ್‌ನಲ್ಲಿ ಕಂಟೇನರ್ ಒಳಗೆ ಅದು ಕಾಣುವುದೇ ಇಲ್ಲ. ಹೋಸ್ಟ್‌ನಲ್ಲಿ ನೋಡಿದರೆ ಫೈಲ್ ಇವೆ, ಒಳಗೆ ಖಾಲಿ. ಕಂಟೇನರನ್ನು ರೀಸ್ಟಾರ್ಟ್ ಮಾಡದೆ ಗತಿಯಿಲ್ಲ.

'ಸಾಫ್ಟ್' ಮೌಂಟ್ ಮಾಡಿದರೆ ಹ್ಯಾಂಗ್ ಆಗುವುದಿಲ್ಲ ಎಂದು ಯಾರಾದರೂ ಸಲಹೆ ಕೊಟ್ಟರೆ ಬರೆಯುವ ಶೇರ್‌ಗೆ ಅದನ್ನು ಕೇಳಬೇಡಿ. ಡೀಫಾಲ್ಟ್ 'ಹಾರ್ಡ್' ಸ್ಟೋರೇಜ್ ವಾಪಸ್ ಬರುವವರೆಗೆ ಬಿಡದೆ ಪ್ರಯತ್ನಿಸುತ್ತದೆ. ಸಾಫ್ಟ್ ಮಧ್ಯದಲ್ಲೇ ಕೈಬಿಟ್ಟು ಎರರ್ ಕೊಡುತ್ತದೆ. ಅಪ್ಲಿಕೇಶನ್ ಆ ಎರರನ್ನು ಸರಿಯಾಗಿ ನೋಡದಿದ್ದರೆ ಅರ್ಧ ಬರೆದ ಫೈಲ್ ಉಳಿಯುತ್ತದೆ. ಹಾರ್ಡ್‌ಗೂ ಒಂದು ಬೆಲೆ ಇದೆ, ಅದು ಶಟ್‌ಡೌನ್ ಹೊತ್ತಿಗೆ ಗೊತ್ತಾಗುತ್ತದೆ. ಸಿಸ್ಟಮ್‌ಡಿ ಆರಿಸುವಾಗ ಏಳಿಸಿದ ಸರದಿಯನ್ನು ತಿರುಗಿಸುತ್ತದೆ. ಸರ್ವೀಸ್‌ಗೆ ಮೌಂಟ್ ಜೊತೆ ಸರದಿಯೇ ಇಲ್ಲದಿದ್ದರೆ ಫೈಲ್ ಓಪನ್ ಇರುವಾಗಲೇ ಅನ್‌ಮೌಂಟ್ ಮಾಡಲು ಹೋಗುತ್ತದೆ, ಆಗದೆ ಶಟ್‌ಡೌನ್ ನಿಂತಲ್ಲೇ ನಿಲ್ಲುತ್ತದೆ. ಮೇಲೆ ಹೇಳಿದ 'ರಿಕ್ವೈರ್ಸ್‌ಮೌಂಟ್ಸ್‌ಫಾರ್' ಸಾಲು ಹಾಕಿದ್ದರೆ ಸರ್ವೀಸ್ ಮೊದಲು ನಿಲ್ಲುತ್ತದೆ, ಆಮೇಲೆ ಅನ್‌ಮೌಂಟ್, ಕೊನೆಗೆ ನೆಟ್‌ವರ್ಕ್. ರೀಬೂಟ್ ಮಾಡುವಾಗ ನಿಮ್ಮ ಸರ್ವರ್ ಸತಾಯಿಸುತ್ತಿದ್ದರೆ ಅದೂ ಇದರಿಂದಲೇ ಸರಿಹೋಗಬಹುದು.

ಕೊನೆಗೆ ಪರೀಕ್ಷೆ. ಐದು ಸಲ ರೀಬೂಟ್ ಮಾಡಿ ಐದೂ ಸಲ ಎದ್ದಿತು ಎಂದರೆ ಏನೂ ಸಾಬೀತಾಗುವುದಿಲ್ಲ. ಬೇಕಂತಲೇ ಕೆಡಿಸಿ ನೋಡಿ. ಮೊದಲು ಯೂನಿಟ್‌ನಿಂದ ಆ ಸ್ಲೀಪ್ ತೆಗೆಯಿರಿ, 'ಡೀಮನ್ ರೀಲೋಡ್' ಮಾಡಿ. ಆಮೇಲೆ ಸ್ಟೋರೇಜ್ ಕಡೆಯ ಫೈರ್‌ವಾಲ್‌ನಲ್ಲಿ ಈ ಸರ್ವರ್‌ನ ಐಪಿಯಿಂದ ಬರುವುದನ್ನು 'ಡ್ರಾಪ್' ಮಾಡಿಸಿ. ಎನ್‌ಎಫ್‌ಎಸ್ 4 ಆದರೆ ಟಿಸಿಪಿ ಪೋರ್ಟ್ 2049 ಒಂದೇ ಸಾಕು. 'ರಿಜೆಕ್ಟ್' ಬೇಡ, ಆರಿಹೋದ ಸ್ಟೋರೇಜ್ ಉತ್ತರವನ್ನೇ ಕೊಡುವುದಿಲ್ಲ ತಾನೇ. ಈಗ ರೀಬೂಟ್ ಮಾಡಿ. ಎಸ್‌ಎಸ್‌ಎಚ್ ಒಳಗೆ ಬಿಡಬೇಕು. ಜಾಬ್ ಪಟ್ಟಿಯಲ್ಲಿ ಸರ್ವೀಸ್ ಕಾಯುತ್ತಿರಬೇಕು. ಹತ್ತು ನಿಮಿಷ ಬಿಟ್ಟು ಡ್ರಾಪ್ ತೆಗೆಸಿ, ಯಾವ ಕಮಾಂಡ್ ಕೊಡದೆ ಸುಮ್ಮನೆ ನೋಡುತ್ತಾ ಕೂರಿ. ಮೌಂಟ್ ಮುಂದಿನ ಪ್ರಯತ್ನಕ್ಕೆ ಸ್ವಲ್ಪ ಹೊತ್ತು ತೆಗೆದುಕೊಳ್ಳಬಹುದು, ಆಮೇಲೆ ಸರ್ವೀಸ್ ತಾನಾಗಿ ಏಳಬೇಕು.

ಡ್ರಾಪ್ ಇರುವಾಗಲೇ ಇನ್ನೊಂದು ಕೆಲಸ ಮಾಡಿ. ನಿಮ್ಮ ಆ ಸಹೋದ್ಯೋಗಿಯನ್ನು ಕರೆದು, ಅದೇ ಅಪ್‌ಲೋಡ್ಸ್ ಫೋಲ್ಡರನ್ನು ರೂಟ್ ಆಗಿ ಮತ್ತೊಮ್ಮೆ ಕ್ರಿಯೇಟ್ ಮಾಡಲು ಹೇಳಿ. 'ಆಪರೇಷನ್ ನಾಟ್ ಪರ್ಮಿಟೆಡ್' ಎಂದು ಬಂದರೆ ಬೀಗ ಸರಿಯಾಗಿ ಬಿದ್ದಿದೆ.